ಮುನ್ನೂರರ ಅಂಗಿಯೋ, ಮೂರು ಸಾವಿರದ ಅಂಗಿಯೋ?

ಅಕ್ಕನ ಮಗನಿಗೆ ಕೆಲಸ ಸಿಕ್ಕಿದೆ. ಇಲ್ಲೇ ಕಲಬುರಗಿಯಲ್ಲಿ, ಒಂದು ಫೈನಾನ್ಸ್ ಆಫೀಸಿನಲ್ಲಿ. ಜೀನ್ಸ್, ಟೀ ಶರ್ಟ್ ನಡೆಯುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದಾರೆ. ಅವನ ಕಪಾಟಿನಲ್ಲಿ ಇರುವುದು ಬರೀ ಅವೇ. ಕೈಯಲ್ಲಿ ಅವರಪ್ಪ ಕೊಟ್ಟ ಎಂಟು ಸಾವಿರ ರೂಪಾಯಿ. ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ. "ಮಾಮಾ, ಬ್ರ್ಯಾಂಡ್ ಅಂಗಡ್ಯಾಗ ಮೂರು ಸಾವಿರದ್ದು ಎರಡು ಅಂಗಿ ತಗೊಳ್ಲೋ, ಸೂಪರ್ ಮಾರ್ಕೆಟ್‌ನ್ಯಾಗ ಮುನ್ನೂರರದ್ದು ಹತ್ತು ತಗೊಳ್ಲೋ?"

ಇದು ಅವನೊಬ್ಬನ ಪ್ರಶ್ನೆ ಅಲ್ಲ. ಯಾರಿಗಾದರೂ ಕೆಲಸ ಸಿಕ್ಕಾಗ, ಮದುವೆ ಗೊತ್ತಾದಾಗ, ಶರಣಬಸವೇಶ್ವರ ಜಾತ್ರೆ ಹತ್ತಿರ ಬಂದಾಗ ಇದನ್ನೇ ನನ್ನ ಹತ್ತಿರ ಕೇಳುತ್ತಾರೆ. ಕಾರಣ ಇಷ್ಟೇ, ನಮ್ಮ ಕಾಕಾ ದರ್ಜಿ. ಹೈಸ್ಕೂಲು ಮುಗಿಯುವ ತನಕ ಬೇಸಿಗೆ ರಜೆಯೆಲ್ಲ ಅವರ ಅಂಗಡಿಯಲ್ಲೇ ಕಳೆದಿದ್ದೇನೆ. ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಹಳೇ ಅಂಗಿಯ ಹೊಲಿಗೆ ಬಿಚ್ಚುವುದು, ಇಷ್ಟೇ ನನ್ನ ಕೆಲಸ. ಆದರೆ ಅಂಗಿಯ ಒಳಗೆ ಏನಿದೆ ಅಂತ ಬಿಚ್ಚಿದವನಿಗೆ ಗೊತ್ತಾಗುವಷ್ಟು ಹಾಕಿಕೊಂಡವನಿಗೆ ಗೊತ್ತಾಗುವುದಿಲ್ಲ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಓದಲು ಟೈಮ್ ಇಲ್ಲದವರು ಇಲ್ಲೇ ನಿಲ್ಲಿಸಬಹುದು. ಜಾಸ್ತಿ ದುಡ್ಡು ಕೊಟ್ಟರೆ ಒಂದು ಮಟ್ಟದ ತನಕ ಬಟ್ಟೆ ಜಾಸ್ತಿ ಬಾಳುತ್ತದೆ. ಅದರಾಚೆ ನಯ ಜಾಸ್ತಿ ಆಗುತ್ತದೆ, ಬಾಳಿಕೆ ಆಗುವುದಿಲ್ಲ, ಕೆಲವು ಸಲ ಕಡಿಮೆಯೇ ಆಗುತ್ತದೆ. ಇನ್ನೂ ಮೇಲೆ ಹೋದರೆ ನೀವು ಕೊಡುವುದು ಹೆಸರಿಗೆ. ಆ ಮಟ್ಟ ಎಲ್ಲಿ ಮುಗಿಯುತ್ತದೆ ಅನ್ನುವುದು ನಿಮ್ಮ ಸಂಬಳಕ್ಕಿಂತ ನಿಮ್ಮ ಮನೆಯ ಒಗೆಯುವ ಕಲ್ಲಿನ ಮೇಲೆ ನಿಂತಿದೆ. ಹೌದು, ಕಲ್ಲು. ಅದಕ್ಕೆ ಬರುತ್ತೇನೆ.

ಅಂಗಡಿಗೆ ಹೋಗುವ ಮುಂಚೆ

ಮೊದಲನೆಯದು, ಎಷ್ಟು ಸಲ ಹಾಕುತ್ತೀರಿ. ಬೆಲೆಯನ್ನು ಆ ಸಂಖ್ಯೆಯಿಂದ ಭಾಗಿಸಿ. ವಾರಕ್ಕೊಮ್ಮೆ ಹಾಕುವ ಅಂಗಿ ಎರಡೂವರೆ ವರ್ಷ ಬಾಳಿದರೆ 130 ಸಲ ಆಯಿತು. ಮದುವೆಗೆ ಅಂತ ಹೊಲಿಸಿದ ಸೂಟು ಎರಡು ಸಲ. ಸಾಮಾನ್ಯವಾಗಿ ನಾವು ಇದನ್ನು ಉಲ್ಟಾ ಮಾಡುತ್ತೇವೆ. ಎರಡು ಸಲ ಹಾಕುವುದಕ್ಕೆ ಹದಿನೈದು ಸಾವಿರ ಕೊಡುತ್ತೇವೆ, ದಿನಾ ಹಾಕುವ ಬನಿಯನ್ನಿಗೆ ಇಪ್ಪತ್ತು ರೂಪಾಯಿ ಚೌಕಾಸಿ ಮಾಡುತ್ತೇವೆ.

ಎರಡನೆಯದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಕಾಟನ್ ತನ್ನ ತೂಕದ ಸುಮಾರು 8% ನೀರಿನ ಅಂಶವನ್ನು ಗಾಳಿಯಿಂದಲೇ ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಅರ್ಧ ಪರ್ಸೆಂಟನ್ನೂ ಹಿಡಿಯುವುದಿಲ್ಲ. ಅದಕ್ಕೇ ಪಾಲಿಯೆಸ್ಟರ್ ಅಂಗಿಯಲ್ಲಿ ಬೆವರು ಬಟ್ಟೆಗೆ ಹೋಗದೆ ಬೆನ್ನ ಮೇಲೇ ಹರಿಯುತ್ತದೆ. ಬೆಂಗಳೂರಿನಲ್ಲಿ ಎಸಿ ಆಫೀಸಿನಲ್ಲಿ ಕೂತವರು "ನೋಡಿ, ಇಸ್ತ್ರಿ ಬೇಡ, ಸುಕ್ಕಾಗಲ್ಲ" ಅಂತ ಹೊಗಳುವ ಬಟ್ಟೆ ಇಲ್ಲಿ ಜಗತ್ ಸರ್ಕಲ್ಲಿನಲ್ಲಿ ಸಿಗ್ನಲ್ಲಿಗೆ ನಿಂತಾಗ ಹೇಗಿರುತ್ತದೆ ಅಂತ ಅವರಿಗೇನು ಗೊತ್ತು.

ಮೂರನೆಯದು, ರಿಪೇರಿ. ಸೊಂಟ ಎರಡಿಂಚು ದೊಡ್ಡದಾದರೆ ಬಿಚ್ಚಿ ಅಗಲ ಮಾಡಲು ಒಳಗೆ ಬಟ್ಟೆ ಇದೆಯಾ? ಕಾಲರ್ ಸವೆದರೆ ತಿರುಗಿಸಬಹುದಾ?

ಇನ್ನು ಕಲ್ಲು. ನಮ್ಮ ಕಡೆ ಹಿತ್ತಲಲ್ಲಿ ಒಂದು ಶಹಾಬಾದಿ ಕಲ್ಲು ಇಲ್ಲದ ಮನೆ ಕಡಿಮೆ. ಬೋರಿನ ಗಡಸು ನೀರು, ಬಟ್ಟೆ ಸೋಪು, ಬ್ರಷ್ಷು, ಆಮೇಲೆ ಎತ್ತಿ ಎತ್ತಿ ಕಲ್ಲಿಗೆ ಬಡಿಯುವುದು. ವಾಷಿಂಗ್ ಮಷಿನ್ ಬಂದ ಮನೆಯಲ್ಲೂ ಕಾಲರ್, ಕಫ್ ಮಾತ್ರ ಮೊದಲು ಕಲ್ಲಿನ ಮೇಲೆ ಉಜ್ಜಿಸಿಕೊಂಡೇ ಮಷಿನ್ನಿಗೆ ಹೋಗುತ್ತವೆ. ಕಾಟನ್ ನೂಲಿಗೆ ಒಂದು ಒಳ್ಳೇ ಗುಣ ಇದೆ, ಒದ್ದೆಯಾದಾಗ ಅದು ಇನ್ನೂ ಗಟ್ಟಿಯಾಗುತ್ತದೆ. ರೇಯಾನ್, ಅಂದರೆ ವಿಸ್ಕೋಸ್, ಇದಕ್ಕೆ ಪೂರ್ತಿ ಉಲ್ಟಾ. ಒಣಗಿದ್ದಾಗ ರೇಷ್ಮೆ ಹಾಗೆ ಜೋತುಬೀಳುತ್ತದೆ, ಒದ್ದೆಯಾದಾಗ ಅದರ ಶಕ್ತಿ ಅರ್ಧದ ಹತ್ತಿರ ಇಳಿಯಬಹುದು. ಕಲ್ಲಿಗೆ ಬಡಿಯುವುದು ಒದ್ದೆಯಾದಾಗಲೇ ಅಲ್ವಾ? ಅಕ್ಕ ಕಳೆದ ವರ್ಷ ಆಸೆಪಟ್ಟು ತಂದ ಒಂಬೈನೂರರ ರೇಯಾನ್ ಕುರ್ತಿ ಮೂರು ತಿಂಗಳಲ್ಲಿ ಹೆಗಲ ಹೊಲಿಗೆಯಲ್ಲಿ ಪಿಸಿಯಿತು. ಅಂಗಡಿಯವನಿಗೆ ಬೈದಳು. ತಪ್ಪು ಕುರ್ತಿಯದೂ ಅಲ್ಲ, ಅಂಗಡಿಯವನದೂ ಅಲ್ಲ.

ಉಲ್ಟಾ ಮಾಡಿ ನೋಡಿ

ಕಾಕಾ ಯಾವಾಗಲೂ ಹೇಳುತ್ತಿದ್ದರು, "ಅಂಗಿ ಹೊರಗಿಂದ ನೋಡಬ್ಯಾಡಪಾ, ಉಲ್ಟಾ ಮಾಡಿ ನೋಡು." ಅಂಗಡಿಯಲ್ಲಿ ನಿಂತು ಎರಡು ನಿಮಿಷದಲ್ಲಿ ಇದಾಗುತ್ತದೆ, ಯಾರೂ ಏನೂ ಅನ್ನುವುದಿಲ್ಲ.

ಪಕ್ಕದ ಹೊಲಿಗೆ ನೋಡಿ. ಬಟ್ಟೆಯ ಅಂಚು ಒಂದರೊಳಗೊಂದು ಮಡಚಿ ಮುಚ್ಚಿ ಹೊಲಿದಿದ್ದರೆ ಅದು ಶ್ರಮದ ಕೆಲಸ. ಅಂಚು ಬಿಚ್ಚದ ಹಾಗೆ ಬರೀ ದಾರ ಸುತ್ತಿ, ಅಂದರೆ ಓವರ್‌ಲಾಕ್ ಹೊಡೆದು ಬಿಟ್ಟಿದ್ದರೆ ಬೇಗ ಮುಗಿಸಿದ ಕೆಲಸ. ಓವರ್‌ಲಾಕ್ ಇದ್ದ ಮಾತ್ರಕ್ಕೆ ಕೆಟ್ಟದ್ದಲ್ಲ, ಆದರೆ ಎರಡೂವರೆ ಸಾವಿರ ಕೇಳುವವನು ಅಷ್ಟಕ್ಕೇ ಬಿಟ್ಟಿದ್ದರೆ ನಿಮ್ಮ ದುಡ್ಡು ಬೇರೆ ಕಡೆ ಹೋಗಿದೆ ಅಂತ ಅರ್ಥ. ಆಮೇಲೆ ಒಂದು ಇಂಚಿಗೆ ಎಷ್ಟು ಹೊಲಿಗೆ ಅಂತ ಎಣಿಸಿ. ಅಗ್ಗದ್ದರಲ್ಲಿ ಎಂಟೊಂಬತ್ತು, ಒಳ್ಳೆಯದರಲ್ಲಿ ಹದಿನಾಲ್ಕರಿಂದ ಹದಿನೆಂಟು. ಹೊಲಿಗೆ ದೂರ ದೂರ ಇದ್ದಷ್ಟೂ ಅಂಗಿ ಹೊಲಿಯುವ ಕೆಲಸ ಬೇಗ ಮುಗಿಯುತ್ತದೆ, ದಾರವೂ ಉಳಿಯುತ್ತದೆ. ಅದು ತಯಾರಿಸುವವನ ಲಾಭ.

ಚೌಕಳಿ ಬಟ್ಟೆಯಾದರೆ ಜೇಬು ನೋಡಿ. ಜೇಬಿನ ಗೆರೆ ಎದೆಯ ಗೆರೆಗೆ ಸರಿಯಾಗಿ ಕೂತಿದ್ದರೆ ಕಟಿಂಗ್ ಮಾಡುವಾಗ ಬಟ್ಟೆ ಜಾಸ್ತಿ ವೇಸ್ಟ್ ಆಗಿದೆ, ಅಂದರೆ ಖರ್ಚು ಮಾಡಿದ್ದಾರೆ. ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಜೋರಾಗಿ ಉಜ್ಜಿ. ಬಿಳಿ ಪುಡಿ ಉದುರಿದರೆ ಅದು ಗಂಜಿ. ಮೊದಲ ಒಗೆತಕ್ಕೆ ಗಂಜಿ ಹೋಗಿ ಉಳಿದದ್ದು ಸೊಳ್ಳೆ ಪರದೆ. ಮೂಲೆಯನ್ನು ಮುಷ್ಟಿಯಲ್ಲಿ ಹತ್ತು ಎಣಿಸುವ ತನಕ ಹಿಡಿದು ಬಿಡಿ, ಎಷ್ಟು ಸುಕ್ಕಾಗುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಪೀಸ್ ಬಟ್ಟೆ ಕೊಳ್ಳುವಾಗ ಅಂಚಿನ ಎರಡು ಎಳೆ ಕಿತ್ತು ಸುಟ್ಟು ನೋಡಬಹುದು. ಕಾಗದ ಸುಟ್ಟ ವಾಸನೆ, ಕೈಯಲ್ಲಿ ಪುಡಿಯಾಗುವ ಬೂದಿ ಬಂದರೆ ಕಾಟನ್ (ರೇಯಾನ್ ಕೂಡ ಹಾಗೇ ಸುಡುತ್ತದೆ, ಎಚ್ಚರ). ಕರಗಿ ಕರಿ ಮಣಿ ಹಾಗೆ ಗಟ್ಟಿಯಾದರೆ ಪಾಲಿಯೆಸ್ಟರ್.

ಈಗ ಎಲ್ಲರೂ ಕೇಳದೆ ಬಿಡುವ ವಿಷಯ, ಕೌಂಟ್. ಬಟ್ಟೆ ಅಂಗಡಿಯಲ್ಲಿ "ಇದು 40 ಕೌಂಟ್, ಇದು 60, ಇದು 100, ಸಾವಕಾರ" ಅಂತ ಹೇಳುತ್ತಾ ಬೆಲೆ ಏರಿಸುತ್ತಾ ಹೋಗುತ್ತಾರೆ. ನಾವು ತಲೆ ಅಲ್ಲಾಡಿಸುತ್ತೇವೆ. ಒಂದು ಪೌಂಡ್ ಹತ್ತಿಯಿಂದ 840 ಗಜದ ಲಡಿ (ನೂಲಿನ ಸುತ್ತು) ಎಷ್ಟು ಬರುತ್ತವೋ ಅದು ಕೌಂಟ್. ನಂಬರ್ ಏರಿದಷ್ಟೂ ನೂಲು ಸಣ್ಣ. ಸಣ್ಣ ನೂಲು ತೆಗೆಯಲು ಉದ್ದ ಎಳೆಯ ಒಳ್ಳೇ ಹತ್ತಿ ಬೇಕು, ಅದಕ್ಕೇ ದುಬಾರಿ. ಮೈಗೆ ಬೆಣ್ಣೆ ಹಾಗಿರುತ್ತದೆ. ಆದರೆ ಸಣ್ಣ ನೂಲು ಸಣ್ಣ ನೂಲೇ. ನಮ್ಮ ಕಲ್ಲಿನ ಮೇಲೆ 100 ಕೌಂಟಿನ ಒಂಟಿ ಎಳೆ ಬಟ್ಟೆಗಿಂತ 40ರ ದಪ್ಪ ಬಟ್ಟೆಯೇ ಜಾಸ್ತಿ ದಿನ ಬರುತ್ತದೆ. ಎರಡೆಳೆ ಹುರಿ ಮಾಡಿದ ನೂಲಾದರೆ, 2/60, 2/80 ಅಂತ ಬರೆದಿರುತ್ತಾರೆ, ನಯವೂ ಗಟ್ಟಿತನವೂ ಸೇರಿ ಬರುತ್ತವೆ. ನನ್ನ ಮಟ್ಟಿಗೆ ಅಂಗಿಗೆ ಕೊಡಬಹುದಾದ ದುಡ್ಡಿನ ಕೊನೇ ಮೆಟ್ಟಿಲು ಅದು. ಅದರ ಮೇಲಿನದೆಲ್ಲ ಕೈಯಲ್ಲಿ ನಿಧಾನಕ್ಕೆ ಒಗೆದು ನೆರಳಲ್ಲಿ ಒಣಗಿಸುವವರಿಗೆ.

ಮುನ್ನೂರರ ಅಂಗಿ

ಬೈಯುವುದು ಸುಲಭ. ಆದರೆ ಇದಕ್ಕೂ ಜಾಗ ಇದೆ. ಬಣ್ಣದ ಹಬ್ಬಕ್ಕೆ, ಹೊಲದ ಕೆಲಸಕ್ಕೆ, ಪೇಂಟಿಂಗ್, ಗ್ಯಾರೇಜಿಗೆ, ಆರು ತಿಂಗಳಿಗೆ ಎರಡಿಂಚು ಬೆಳೆಯುವ ಹುಡುಗರಿಗೆ ಇದೇ ಸರಿ. ಇನ್ನೊಂದು ಮಾತು, ದಿನಗೂಲಿಗೆ ಹೋಗುವವನ ಕೈಯಲ್ಲಿ ಇವತ್ತು ಇರುವುದೇ ಮುನ್ನೂರು. ಅವನಿಗೆ ಹೋಗಿ "ಸಾವಿರದ್ದು ತಗೋ, ಲಾಂಗ್ ರನ್ನಿನಲ್ಲಿ ಉಳಿತಾಯ" ಅಂತ ಉಪದೇಶ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಮನೆಯ ಅಂದಾಜಿನಲ್ಲಿ ಇಂಥ ಅಂಗಿ 25ರಿಂದ 30 ಒಗೆತ ಬರುತ್ತದೆ. ಸಲಕ್ಕೆ ಹತ್ತರಿಂದ ಹನ್ನೆರಡು ರೂಪಾಯಿ. ಕೆಟ್ಟ ಲೆಕ್ಕ ಏನಲ್ಲ! ತೊಂದರೆ ಇರುವುದು ಕೊನೆಯ ಹತ್ತು ಸಲದಲ್ಲಿ. ಬಣ್ಣ ಮಾಸಿ, ಗುಂಡಿ ಉದುರಿ, ಪಕ್ಕದ ಹೊಲಿಗೆ ತಿರುಚಿ ಹೊಟ್ಟೆಯ ಮೇಲೆ ಬಂದ ಅಂಗಿಯನ್ನು ಆಫೀಸಿಗೆ ಹಾಕಿಕೊಂಡು ಹೋಗಲು ಆಗುವುದಿಲ್ಲ. ಅದು ಮನೆ ಅಂಗಿ ಆಗುತ್ತದೆ, ಆಮೇಲೆ ಗಾಡಿ ಒರೆಸುವ ಬಟ್ಟೆ. ಹಾಗಾಗಿ ಆಫೀಸಿಗೆ ಅಂತ ನೋಡಿದರೆ ಸಲಕ್ಕೆ ಹದಿನೈದರಿಂದ ಇಪ್ಪತ್ತು ಬೀಳುತ್ತದೆ.

ಕೊಳ್ಳುವುದಾದರೆ ತಿಳಿ ಬಣ್ಣದ್ದು ಕೊಳ್ಳಿ, ಬಣ್ಣ ಬಿಟ್ಟರೂ ಗೊತ್ತಾಗುವುದಿಲ್ಲ. ಮನೆಗೆ ತಂದ ದಿನವೇ ಎಲ್ಲ ಗುಂಡಿ ಇನ್ನೊಂದು ಸಲ ಹೊಲಿಯಿರಿ. ಹತ್ತು ನಿಮಿಷದ ಕೆಲಸ.

ಶಾಪಿಂಗ್ ಮಾಲ್‌ನ ಎಂಟುನೂರು, ಸಾವಿರದ ಅಂಗಿ

ದೊಡ್ಡ ಅಂಗಡಿಗಳು ತಮ್ಮದೇ ಹೆಸರು ಹಾಕಿ ಮಾರುವ ಮಾಲು. ಇದರ ಬಗ್ಗೆ ಹೇಳುವುದು ಕಷ್ಟ, ಯಾಕೆಂದರೆ ಒಂದೇ ಹ್ಯಾಂಗರಿನಲ್ಲಿ ಚೆನ್ನಾಗಿರುವುದೂ ಇರುತ್ತದೆ, ಬಟ್ಟೆಯೇ ಇಲ್ಲದ್ದೂ ಇರುತ್ತದೆ. ಲೇಬಲ್ ಓದದೆ ತೆಗೆದುಕೊಳ್ಳಬೇಡಿ. ಕಾಟನ್ 60%, ಪಾಲಿಯೆಸ್ಟರ್ 40% ಇದ್ದರೆ ಜೂನ್ ಆದ ಮೇಲೆ ಪರವಾಗಿಲ್ಲ, ಬೇಸಿಗೆಗೆ ಬೇಡ. ಲೈಕ್ರಾ ಸೇರಿದ್ದರೆ ಬಿಸಿ ನೀರು, ಬ್ಲೀಚಿಂಗ್ ಎರಡೂ ಮುಟ್ಟಿಸಬೇಡಿ, ಎಳೆದ ರಬ್ಬರಿನ ಹಾಗೆ ಸಡಿಲವಾಗುತ್ತದೆ. ಇದರ ಒಂದೇ ದೊಡ್ಡ ಲಾಭ, ಇವತ್ತು ಕೊಂಡು ನಾಳೆ ಹಾಕಿಕೊಳ್ಳಬಹುದು. 60 ಒಗೆತ ಬಂದರೆ ಸಲಕ್ಕೆ ಹದಿನೈದು ರೂಪಾಯಿ.

ಮೂರು ಸಾವಿರದ ಬ್ರ್ಯಾಂಡು

ನಾನೂ ಒಮ್ಮೆ ಸೋತಿದ್ದೇನೆ. ಪ್ರಮೋಷನ್ ಬಂದ ಖುಷಿಗೆ 2,800 ಕೊಟ್ಟು ಒಂದು ತಿಳಿ ನೀಲಿ ಅಂಗಿ ತಂದೆ. ಪೆಟ್ಟಿಗೆ, ಒಳಗೆ ಟಿಶ್ಯೂ ಕಾಗದ, ಕಾಲರಿನ ಕೆಳಗೆ ಪ್ಲಾಸ್ಟಿಕ್ಕು, ರಾಜ ಮರ್ಯಾದೆ. ಹತ್ತನೆಯದೋ ಹನ್ನೊಂದನೆಯದೋ ಒಗೆತ ಆಗಿ, ಇಸ್ತ್ರಿಗೆ ಹೋಗಿ ಬಂದಾಗ ನೋಡುತ್ತೇನೆ, ಕಾಲರು ಹೆಂಚಿನ ಮೇಲಿನ ಜೋಳದ ರೊಟ್ಟಿ ಹಾಗೆ ಅಲ್ಲಲ್ಲಿ ಉಬ್ಬಿದೆ. ಮೊದಲು ಇಸ್ತ್ರಿಯವನ ಕೆಂಡದ ಪೆಟ್ಟಿಗೆಗೆ ಬೈದೆ. ಆಮೇಲೆ ಕಾಕಾ ಹತ್ತಿರ ಒಯ್ದೆ. ಅವರು ಏನೂ ಮಾತಾಡದೆ ಕಾಲರಿನ ಅಂಚು ಬ್ಲೇಡಿನಿಂದ ಬಿಚ್ಚಿ ತೋರಿಸಿದರು. ಕಾಲರ್ ಗಟ್ಟಿ ನಿಲ್ಲಲಿ ಅಂತ ಒಳಗೆ ಇಡುವ ಬಕ್ರಂ, ಮೇಲಿನ ಬಟ್ಟೆಗೆ ಅಂಟಿನಿಂದ ಹಿಡಿದಿತ್ತು, ಅಂಟು ಅರ್ಧ ಬಿಟ್ಟಿತ್ತು. ಬಿಟ್ಟ ಕಡೆ ಬಟ್ಟೆ ಒಂದು ಅಳತೆ, ಬಕ್ರಂ ಇನ್ನೊಂದು ಅಳತೆ. ಅದೇ ಗುಳ್ಳೆ.

ಅಂಟಿನ ಬಕ್ರಂ ಅಂದರೆ ಮೋಸ ಅಂತಲ್ಲ. ಈಗ ಹೆಚ್ಚು ಕಡಿಮೆ ಎಲ್ಲರೂ ಅದನ್ನೇ ಹಾಕುತ್ತಾರೆ, ಒಳ್ಳೇ ಅಂಟಾದರೆ ಅಂಗಿ ಸಾಯುವ ತನಕ ಇರುತ್ತದೆ. ನಾನು ಹೇಳುವುದು, 2,800 ಕೊಟ್ಟರೂ ಅದು ಗ್ಯಾರಂಟಿ ಅಲ್ಲ. ಕಾಕಾ ಹಳೇ ಪದ್ಧತಿಯವರು, ದಪ್ಪ ಕಾಟನ್ ಬಕ್ರಂ ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಿ ಒಳಗೆ ಹೊಲಿಯುತ್ತಿದ್ದರು. ಕೂಗುವಷ್ಟು ಗರಿಗರಿ ಇರುತ್ತಿರಲಿಲ್ಲ, ಗುಳ್ಳೆಯೂ ಬರುತ್ತಿರಲಿಲ್ಲ.

ಬ್ರ್ಯಾಂಡಿನಲ್ಲಿ ಒಳ್ಳೆಯದೇನು? ಅಳತೆ ಪ್ರತಿ ಸಲ ಒಂದೇ ಇರುತ್ತದೆ. ಬಣ್ಣ ಗಟ್ಟಿ. ಬಟ್ಟೆಯನ್ನು ಫ್ಯಾಕ್ಟರಿಯಲ್ಲೇ ಕುಗ್ಗಿಸಿ ಹೊಲಿದಿರುತ್ತಾರೆ, ಹಾಗಾಗಿ ಒಗೆದ ಮೇಲೆ ತೋಳು ಮೊಳಕೈಗೆ ಬರುವುದಿಲ್ಲ. ಹೆಗಲು, ಕಂಕುಳ ಕಟಿಂಗ್ ಸಾಮಾನ್ಯವಾಗಿ ಚೆಂದ. ಇಂಟರ್ವ್ಯೂ, ಗಿರಾಕಿಗಳ ಮುಂದೆ ಕೂರುವ ಕೆಲಸ, ಹೊರ ಊರಿನ ಮೀಟಿಂಗು, ಇಂಥದ್ದಕ್ಕೆ ಒಂದು ಇರಲಿ. ಆದರೆ ಪೂರ್ತಿ ಬೆಲೆಗೆ ಯಾಕೆ? ಜನವರಿಯಲ್ಲಿ, ಮತ್ತೆ ಜುಲೈ-ಆಗಸ್ಟಿನಲ್ಲಿ ಸೀಸನ್ ಮುಗಿದ ಮಾಲು ಅರ್ಧಕ್ಕೆ ಬರುತ್ತದೆ. 2,800ರದ್ದು 130 ಸಲ ಬಂದರೂ ಸಲಕ್ಕೆ ಇಪ್ಪತ್ತೊಂದೂವರೆ. 1,400ಕ್ಕೆ ಸಿಕ್ಕರೆ ಹತ್ತೂ ಮುಕ್ಕಾಲು, ಆಗ ಯೋಚನೆ ಮಾಡಬಹುದು.

ತೆರಿಗೆಯ ಒಂದು ಗೆರೆಯೂ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ತನಕದ ಸಿದ್ಧ ಉಡುಪಿಗೆ ಜಿಎಸ್‌ಟಿ 5%. ಅದನ್ನು ದಾಟಿದರೆ 18%, ಅದೂ ಮೇಲಿನ ಚೂರಿಗೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ. ಅಂದರೆ ಮೂರು ಸಾವಿರದ ಅಂಗಿಯಲ್ಲಿ ಸುಮಾರು 458 ರೂಪಾಯಿ ತೆರಿಗೆಯೇ. ಆ ದುಡ್ಡಿಗೆ ಒಂದು ಮೀಟರ್ ಒಳ್ಳೇ ಕಾಟನ್ ಬರುತ್ತದೆ.

ಪೀಸ್ ತಂದು ಹೊಲಿಸುವುದು

ದರ್ಜಿ ಮನೆಯವನು ಇದನ್ನೇ ಹೊಗಳುತ್ತಾನೆ ಅಂತ ನಿಮಗೆ ಅನ್ನಿಸಬಹುದು, ಅನ್ನಿಸಲಿ. ಲೆಕ್ಕ ಇಡುತ್ತೇನೆ, ನೀವೇ ನೋಡಿ. ಮೀಟರಿಗೆ 450ರ 2/60 ಕಾಟನ್. ಪನ್ನಾ, ಅಂದರೆ ಬಟ್ಟೆಯ ಅಗಲ, 58 ಇಂಚಿನದಾದರೆ ಫುಲ್ ತೋಳಿನ ಅಂಗಿಗೆ 1.6 ಮೀಟರ್ ಸಾಕು (36ರ ಪನ್ನಾ ಆದರೆ ಎರಡೂಕಾಲು ಬೇಕು, ಅಗ್ಗ ಅಂತ ಅದಕ್ಕೆ ಕೈ ಹಾಕುವ ಮುಂಚೆ ಗುಣಿಸಿ ನೋಡಿ). ಬಟ್ಟೆಗೆ 720, ಹೊಲಿಗೆಗೆ ನಮ್ಮ ಓಣಿಯಲ್ಲಿ 400. ಒಟ್ಟು 1,120. ನನ್ನ ಹತ್ತಿರ ಇರುವ ಇಂಥ ಮೂರು ಅಂಗಿ ಮೂರನೇ ವರ್ಷದಲ್ಲಿವೆ. 130 ಸಲ ಹಿಡಿದರೂ ಸಲಕ್ಕೆ ಒಂಬತ್ತು ರೂಪಾಯಿ ಆಗುವುದಿಲ್ಲ. ಮುನ್ನೂರರ ಅಂಗಿಗಿಂತ ಅಗ್ಗ, ಬ್ರ್ಯಾಂಡಿಗಿಂತ ಮೈಗೆ ಕೂರುತ್ತದೆ.

ಮತ್ತೆ ಕಾಲರ್ ತಿರುಗಿಸುವ ವಿದ್ಯೆ ಇರುವುದು ಇಲ್ಲೇ. ಅಂಗಿಯಲ್ಲಿ ಮೊದಲು ಸಾಯುವುದು ಕಾಲರಿನ ಮಡಿಕೆ. ಗಡ್ಡದ ಕೂಳೆ ಉಜ್ಜಿ ಉಜ್ಜಿ, ಮೇಲೆ ಬ್ರಷ್ಷಿನ ಏಟು ಬಿದ್ದು, ಆ ಗೆರೆಯಲ್ಲಿ ನೂಲು ಬಿಚ್ಚಿ ಬಿಳಿ ಮೀಸೆ ಬರುತ್ತದೆ. ಮೈ ಭಾಗ ಇನ್ನೂ ಗಟ್ಟಿಯಾಗೇ ಇರುತ್ತದೆ. ಆಗ ದರ್ಜಿ ಕಾಲರನ್ನು ಪಟ್ಟಿಯಿಂದ ಬಿಚ್ಚಿ, ಮಗುಚಿ, ಒಳಗಿನ ಮುಖ ಹೊರಗೆ ಬರುವ ಹಾಗೆ ಮತ್ತೆ ಕೂರಿಸುತ್ತಾನೆ. ನೂರು ರೂಪಾಯಿ ಒಳಗಿನ ಕೆಲಸ. ಅಂಗಿಗೆ ಇನ್ನೊಂದು ವರ್ಷ ಆಯಸ್ಸು. ಇದಕ್ಕಾಗಿ ಹೊಲಿಸುವಾಗಲೇ "ಕಾಲರ್‌ಗೆ ಮೇಲೂ ಕೆಳಗೂ ಅದೇ ಬಟ್ಟಿ ಹಾಕ್ರಿ" ಅಂತ ಹೇಳಿಬಿಡಿ, ಇಲ್ಲದಿದ್ದರೆ ಉಳಿದ ತುಂಡು ಯಾವುದೋ ಅದನ್ನು ಹಾಕಿರುತ್ತಾರೆ.

ಕಷ್ಟಗಳೂ ಇವೆ. ಹೇಳಿದ ದಿನ ಕೊಡುವುದಿಲ್ಲ. ರಂಜಾನ್, ದೀಪಾವಳಿ, ಮದುವೆ ಸೀಸನ್ ಬಂದರೆ ಇನ್ನೂ ಹದಿನೈದು ದಿನ ಕೂಡಿಸಿಕೊಳ್ಳಿ. ಬಟ್ಟೆ ನೆನೆಸದೆ ಕೊಟ್ಟರೆ ಮೊದಲ ಒಗೆತಕ್ಕೆ ತೋಳು ಮೇಲೆ ಹೋಗುತ್ತದೆ, ದರ್ಜಿ ನೆನೆಸುವುದಿಲ್ಲ, ನೀವೇ ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿ, ಒಣಗಿಸಿ ಕೊಡಿ. ಮತ್ತೆ ಎಲ್ಲ ದರ್ಜಿಯೂ ದರ್ಜಿ ಅಲ್ಲ. ಹೊಸಬರ ಹತ್ತಿರ ಮೊದಲು ಒಂದೇ ಅಂಗಿ ಕೊಟ್ಟು ನೋಡಿ, ಅದೂ ಅಗ್ಗದ ಬಟ್ಟೆಯದು. ಕಂಕುಳಲ್ಲಿ ಹಿಡಿಯದೆ ಕೈ ಮೇಲೆತ್ತಲು ಬಂದರೆ ಉಳಿದದ್ದು ಕೊಡಿ.

ಪ್ಯಾಂಟಿಗಂತೂ ನಾನು ಹೊಲಿಸುವುದನ್ನೇ ಹೇಳುತ್ತೇನೆ. ರಾಜಸ್ಥಾನದ ಭಿಲ್ವಾಡಾದಿಂದ ಬರುವ ಪಾಲಿಯೆಸ್ಟರ್-ವಿಸ್ಕೋಸ್ ಸೂಟಿಂಗ್, 65-35 ಮಿಶ್ರಣ, ಗಡಸು ನೀರಿಗೂ ಬಿಸಿಲಿಗೂ ಬಗ್ಗುವುದಿಲ್ಲ, ಇಸ್ತ್ರಿ ಗೆರೆ ನಿಲ್ಲುತ್ತದೆ. ಅಂಗಿಗೆ ಪಾಲಿಯೆಸ್ಟರ್ ಬೇಡ ಅಂದವನು ಪ್ಯಾಂಟಿಗೆ ಬೇಕು ಅನ್ನುತ್ತಿದ್ದೇನೆ, ಹೌದು. ಕಾಲು ಬೆನ್ನಿನಷ್ಟು ಬೆವರುವುದಿಲ್ಲ, ಬೈಕಿನ ಸೀಟು ಕಾಟನ್ ಪ್ಯಾಂಟನ್ನು ಬೇಗ ತಿನ್ನುತ್ತದೆ. ಹೊಲಿಸುವಾಗ ಸೊಂಟದ ಹಿಂದೆ ಎರಡಿಂಚು, ಕಾಲ ತುದಿಯಲ್ಲಿ ಎರಡಿಂಚು ಒಳಗೆ ಬಿಡಿಸಿ. ಜಿಪ್ ಮಾತ್ರ ವೈಕೆಕೆ ಕಂಪನಿಯದು ಹಾಕಿ ಅಂತ ನೀವೇ ಕೊಂಡು ಕೊಡಿ. ಜಿಪ್ ಕೆಟ್ಟ ಪ್ಯಾಂಟಿನಷ್ಟು ಅವಮಾನ ಬೇರೆ ಇಲ್ಲ, ಅದೂ ಸಿಟಿ ಬಸ್ಸಿನಲ್ಲಿ.

ಖಾದಿ

ಬೇಸಿಗೆಗೆ ಇದರ ಮುಂದೆ ಯಾವುದೂ ಇಲ್ಲ, ಇದರಲ್ಲಿ ನನಗೆ ಎರಡು ಮಾತಿಲ್ಲ. ಕೈಯಲ್ಲಿ ನೂತ ನೂಲಿನ ನಡುವೆ ಗಾಳಿಗೆ ದಾರಿ ಇರುತ್ತದೆ. ಮೊದಲ ನಾಲ್ಕೈದು ಒಗೆತ ಒರಟು, ಆಮೇಲೆ ಮೆತ್ತಗಾಗುತ್ತಾ ಹೋಗುತ್ತದೆ. ಅಕ್ಟೋಬರ್ 2ರ ಆಚೀಚೆ ಖಾದಿ ಭಂಡಾರಗಳಲ್ಲಿ ರಿಯಾಯಿತಿ ಇರುತ್ತದೆ, ಆಗ ಪೀಸ್ ತಂದು ಇಟ್ಟುಕೊಂಡು ಮಾರ್ಚಿಗೆ ಮುಂಚೆ ಹೊಲಿಸಿ. ಹೊಲಿದ ಖಾದಿ ಅಂಗಿ ಕೊಳ್ಳಬೇಡಿ, ಅಳತೆ ನೆಹರೂ ಕಾಲದ್ದು. ಆದರೆ ಇದು ಸೋಮಾರಿಗಳ ಬಟ್ಟೆ ಅಲ್ಲ. ಕುಗ್ಗುತ್ತದೆ, ಬಣ್ಣ ಬಿಡುತ್ತದೆ, ಗಂಜಿ-ಇಸ್ತ್ರಿ ಇಲ್ಲದೆ ಹಾಕಿಕೊಂಡರೆ ರಾತ್ರಿ ಬಸ್ಸಿನಲ್ಲಿ ಬೀದರಿನಿಂದ ಬಂದವರ ಹಾಗೆ ಕಾಣುತ್ತೀರಿ. ಇಸ್ತ್ರಿಯ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ. ವಾರಕ್ಕೊಮ್ಮೆ, ಸಲಕ್ಕೆ ಹತ್ತು ರೂಪಾಯಿ ಅಂದರೆ ಎರಡು ವರ್ಷದಲ್ಲಿ ಇಸ್ತ್ರಿಯೇ ಸಾವಿರ ರೂಪಾಯಿ ದಾಟುತ್ತದೆ.

ಹತ್ತಿಯ ಮಾತು ಬಂತಲ್ಲ, ಒಂದು ಹೊಟ್ಟೆಯುರಿ ಹೇಳಿಬಿಡುತ್ತೇನೆ. ಶಹಾಪುರ, ಸುರಪುರದ ಕರಿ ಮಣ್ಣಲ್ಲಿ ಬೆಳೆದ ಹತ್ತಿ ಲಾರಿ ಹತ್ತಿ ಎಲ್ಲೆಲ್ಲೋ ಹೋಗಿ, ನೂಲಾಗಿ, ಬಟ್ಟೆಯಾಗಿ, ಅಂಗಿಯಾಗಿ, ಹೆಸರು ಹಚ್ಚಿಕೊಂಡು ನಮ್ಮೂರಿಗೇ ಬಂದು ಮೂರು ಸಾವಿರ ಕೇಳುತ್ತದೆ. ನಿಜಾಮರ ಕಾಲದ ಎಂಎಸ್‌ಕೆ ಬಟ್ಟೆ ಮಿಲ್ಲು ಇಲ್ಲೇ ಇತ್ತು, ಈಗ ಅದು ಬಡಾವಣೆಯ ಹೆಸರು ಅಷ್ಟೇ. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳನ್ನು ಘೋಷಿಸಿತಲ್ಲ, ಅದರಲ್ಲಿ ಕಲಬುರಗಿಯೂ ಇದೆ. ಅಲ್ಲಿ ಹೊಲಿದ ಅಂಗಿಯನ್ನೂ ಒಂದು ದಿನ ಉಲ್ಟಾ ಮಾಡಿ ನೋಡೋಣ.

ಹೆಂಗಸರ ಬಟ್ಟೆ, ಮದುವೆ ಬಟ್ಟೆ

ಹೆಂಗಸರ ಬಟ್ಟೆಯಲ್ಲಿ ನನ್ನ ಅನುಭವ ಅಕ್ಕ, ಅವ್ವ ಹೇಳಿದಷ್ಟು. ದಿನಾ ಹಾಕುವ ಕುರ್ತಿಗೆ ಕಾಟನ್, ಮದುವೆ-ಮುಂಜಿಗೆ ರೇಯಾನ್, ಇಷ್ಟು ಪಾಲಿಸಿದರೆ ಅರ್ಧ ದುಡ್ಡು ಉಳಿಯುತ್ತದೆ. ಸಿದ್ಧ ಬ್ಲೌಸ್‌ಗಿಂತ ಹೊಲಿಸಿದ್ದು ದುಬಾರಿ, ಅಸ್ತರ್ (ಲೈನಿಂಗ್) ಹಾಕಿಸಿದರೆ ಇನ್ನೂ ಜಾಸ್ತಿ, ಆದರೆ ಒಳಗೆ ಬಿಟ್ಟ ಬಟ್ಟೆಯಿಂದ ಹತ್ತು ವರ್ಷ ನಡೆಯುತ್ತದೆ. ಅವ್ವನ ಇಳಕಲ್ ಸೀರೆ ನನಗಿಂತ ಹಳೆಯದು. ಅದರಲ್ಲಿ ಸೆರಗಿನ ಎಳೆಯನ್ನು ಮೈಯ ಎಳೆಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಕೈಮಗ್ಗದ ಇಳಕಲ್ ಅಂತ ಜಾಸ್ತಿ ದುಡ್ಡು ಕೇಳಿದರೆ ಆ ಜೋಡಣೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಕೊಡಿ. ಸೀರೆಗೆ ಕೊಟ್ಟ ದುಡ್ಡು ಅಂಗಿಗೆ ಕೊಟ್ಟಂತಲ್ಲ, ಅದಕ್ಕೆ ಅಳತೆ ಇಲ್ಲ, ಕಾಲರ್ ಇಲ್ಲ, ಮಗಳಿಗೂ ಬರುತ್ತದೆ.

ಶೇರ್ವಾನಿ, ಸೂಟು? ಬಾಡಿಗೆಗೆ ತನ್ನಿ. ಮುಗಿಯಿತು.

ನಿಮ್ಮ ಜೇಬಿಗೆ

ಎರಡು ಸಾವಿರದೊಳಗೆ ಇದ್ದರೆ ಹೊಲಿಸಿದ ಅಂಗಿ ಒಂದು, ಮುನ್ನೂರರದ್ದು ಎರಡು. ಹೊಲಿಸಿದ್ದನ್ನು ಜನರ ಮುಂದೆ, ಉಳಿದದ್ದನ್ನು ಉಳಿದ ದಿನ ಹಾಕಿಕೊಳ್ಳಿ. ತಿಂಗಳಿಗೊಂದರಂತೆ ಹೊಲಿಸುತ್ತಾ ಹೋಗಿ, ಒಮ್ಮೆಲೇ ಕಪಾಟು ತುಂಬಬೇಕು ಅಂತೇನಿಲ್ಲ. ಹದಿನೈದು ಸಾವಿರ ಖರ್ಚು ಮಾಡುವ ಶಕ್ತಿ ಇದ್ದರೆ ಐದು ಹೊಲಿಸಿ, ಎರಡು ಬ್ರ್ಯಾಂಡಿನದನ್ನು ರಿಯಾಯಿತಿಯಲ್ಲಿ ಕೊಳ್ಳಿ, ಉಳಿದದ್ದನ್ನು ಬೂಟಿಗೆ ಹಾಕಿ. ಬಟ್ಟೆ ಒಗೆಯಲು ಮಷಿನ್ ಇದೆ, ಎಸಿಯಲ್ಲಿ ಕೂರುತ್ತೀರಿ, ನಯ ಅಂದರೆ ನಿಮಗೆ ಖುಷಿ, ಅಂಥವರು 100 ಕೌಂಟಿಗೆ ಹೋಗಿ, ನನ್ನ ಅಡ್ಡಿ ಇಲ್ಲ. ಖುಷಿಗೂ ಬೆಲೆ ಇದೆ, ಅದನ್ನು ಉಳಿತಾಯ ಅಂತ ಮಾತ್ರ ಕರೆಯಬೇಡಿ.

ಅಳಿಯನ ಎಂಟು ಸಾವಿರದ ಕತೆ ಹೀಗಾಯಿತು. ಮೂರು ಅಂಗಿ ಹೊಲಿಸಿದ್ದು 3,360. ಎರಡು ಪ್ಯಾಂಟು, ಬಟ್ಟೆ ಹೊಲಿಗೆ ಸೇರಿ 2,270. ದರ್ಜಿ ತಡ ಮಾಡಿಯೇ ಮಾಡುತ್ತಾನೆ ಅಂತ ಮೊದಲ ದಿನಕ್ಕೆ ಶಾಪಿಂಗ್ ಮಾಲ್‌ನದೊಂದು 900. ಉಳಿದ 1,470ರಲ್ಲಿ ಬೂಟು, ಬೆಲ್ಟು. ಬ್ರ್ಯಾಂಡ್ ಬರಲಿಲ್ಲ ಅಂತ ಸ್ವಲ್ಪ ಮುಖ ಸಣ್ಣದಾಗಿತ್ತು, ಜುಲೈ ತನಕ ಕಾಯಿ ಅಂದೆ.

ಅಂಗಿ ಕೈಗೆ ಬಂದ ದಿನ ಅವನು ನಾನು ಹೇಳಿದ್ದನ್ನೆಲ್ಲ ಅವರವ್ವನಿಗೆ ಒಪ್ಪಿಸಿದನಂತೆ. ಬ್ರಷ್ ಹಾಕಬ್ಯಾಡ, ಕಲ್ಲಿಗೆ ಬಡೀಬ್ಯಾಡ, ಬಿಸಿಲಿಗೆ ಹಾಕಬ್ಯಾಡ, ಉಲ್ಟಾ ಮಾಡಿ ಒಣಗಿಸು. ಅಕ್ಕ ಪೂರ್ತಿ ಕೇಳಿಸಿಕೊಂಡು ಬಕೆಟ್ಟನ್ನು ಅವನ ಕಡೆ ಸರಿಸಿದಳು. "ಕಲ್ಲಿಗೆ ಬಡೀಲಿಲ್ಲಂದ್ರ ನನಗ ಒಗ್ಯಾಕ ಬರಂಗಿಲ್ಲಪಾ. ನಿನ್ನ ಅಂಗಿ ನೀನೇ ಒಗ್ಕೋ." ಈಗ ಪ್ರತಿ ಭಾನುವಾರ ಅವನೇ ಒಗೆಯುತ್ತಾನೆ.